ಅಕ್ಕನ ಮಗಳಿಗೆ ಬಿಎಸ್ಸಿನಾ, ಬಿಎನಾ, ಬಿಕಾಂನಾ? ಮನೆಯಲ್ಲಿ ಮೂರು ಪಾರ್ಟಿ ಆಗಿವೆ

ಮುಳಗುಂದದ ಮಾವ:
ಎಲ್ಲರಿಗೂ ನಮಸ್ಕಾರ. ನಮ್ಮ ಅಕ್ಕನ ಮಗಳು ಪಿಯುಸಿ ಸೈನ್ಸ್ ಪಾಸಾಗಿದ್ದಾಳೆ. ಪಿಸಿಎಂಬಿ, 74 ಪರ್ಸೆಂಟ್. ಸಿಇಟಿ ಬರೆದಿದ್ದಳು, ರ‍್ಯಾಂಕ್ ಹೇಳಿಕೊಳ್ಳುವ ಹಾಗಿಲ್ಲ. ಎಂಜಿನಿಯರಿಂಗ್ ಬೇಡ ಅಂತ ಅವಳೇ ಹೇಳಿಬಿಟ್ಟಳು, ಅಲ್ಲಿಗೆ ಒಂದು ಖರ್ಚು ಉಳಿಯಿತು.

ಈಗ ಮನೆಯಲ್ಲಿ ಜಗಳ. ಅಕ್ಕ ಬಿಎಸ್ಸಿ ಅಂತಾಳೆ, ಆಮೇಲೆ ಬಿಎಡ್ ಮಾಡಿ ಟೀಚರ್ ಆಗಲಿ ಅಂತ. ಅಕ್ಕನ ಗಂಡ, ನಮ್ಮ ಮಾಮಾ, ಬಿಕಾಂ ಅಂತಾರೆ. ಅವರು ಮಾಲು ಹಾಕುವ ದಲಾಲಿ ಅಂಗಡಿಯಲ್ಲಿ ಒಬ್ಬ ಬಿಕಾಂ ಹುಡುಗ ಟ್ಯಾಲಿ ಹೊಡೆದೇ ಮನೆ ಕಟ್ಟಿಸಿದ್ದಾನಂತೆ. ಹುಡುಗಿ ಮಾತ್ರ ಬಿಎ, ಅದೂ ಅರ್ಥಶಾಸ್ತ್ರ ಅಂತ ಹಟ ಹಿಡಿದಿದ್ದಾಳೆ. 'ಸೈನ್ಸ್ ಓದಿ ಯಾರಾದರೂ ಬಿಎ ಮಾಡ್ತಾರೇನು, ಮಂದಿ ಏನಂದಾರು' ಅಂತ ಅಕ್ಕನ ಸಿಟ್ಟು. ನಾನು ಹುಡುಗಿ ಪರ ಒಂದು ಮಾತಾಡಿದೆ ಅಂತ ಎರಡು ದಿನದಿಂದ ನನಗೂ ಚಹಾ ಬಂದ್.

ನಾನು ಓದಿದ್ದು ಐಟಿಐ. ಡಿಗ್ರಿ ಕಥೆ ನನಗೆ ಗೊತ್ತಿಲ್ಲ. ಗದಗ ಆದರೆ ಮನೆಯಿಂದಲೇ ಓಡಾಡಬಹುದು, ಧಾರವಾಡ ಆದರೆ ಹಾಸ್ಟೆಲ್ ನೋಡಬೇಕು. ಗೊತ್ತಿದ್ದವರು ಹೇಳಿ.

ಬ್ಯಾಡಗಿ ಖಾರ:
ಯಾವುದಾದರೂ ಮಾಡಿಸ್ರಿ. ಯಾವ ಡಿಗ್ರಿ ಆದರೂ ಯುವನಿಧಿ 3000 ಒಂದೇ.

ಚಿಗರಿ ಪಾಸ್:
@ಬ್ಯಾಡಗಿ ಖಾರ ಅದೂ ಎರಡು ವರ್ಷ ಮಾತ್ರ, ಡಿಗ್ರಿ ಮುಗಿದು ಆರು ತಿಂಗಳು ಕೆಲಸ ಸಿಗದಿದ್ದರೆ. ನಾನು ತಗೊಂಡವನು, ಅದಕ್ಕೇ ಗೊತ್ತು.

ಎಪಿಎಂಸಿ ಗುಮಾಸ್ತ:
ಮಾಮಾ ಅವರ ಮಾತನ್ನು ಸುಮ್ನೆ ತಳ್ಳಿಹಾಕಬೇಡಿ. ನಾನು ಬಿಕಾಂ, ಅಮರಗೋಳದ ಎಪಿಎಂಸಿಯಲ್ಲಿ ಹನ್ನೊಂದು ವರ್ಷದಿಂದ ಲೆಕ್ಕ ಬರೆಯುತ್ತಿದ್ದೇನೆ. ಮನೆ ಕಟ್ಟಿಸಿಲ್ಲ ಆದರೆ ಒಂದು ದಿನವೂ ಖಾಲಿ ಕೂತಿಲ್ಲ. ಹುಬ್ಬಳ್ಳಿ ವ್ಯಾಪಾರದ ಊರು. ಜಿಎಸ್‌ಟಿ ರಿಟರ್ನ್ ಹಾಕಲು ಬರುವವರಿಗೆ ದುರ್ಗದ ಬೈಲಿನಿಂದ ಗೋಕುಲ ರೋಡ್‌ವರೆಗೆ ಕೆಲಸ ಇದ್ದೇ ಇದೆ.

ಆದರೆ ಒಂದು ನಿಜ ಹೇಳಿಬಿಡ್ತೀನಿ. ಟ್ಯಾಲಿ ನಾನು ಕಲಿತಿದ್ದು ಕಾಲೇಜಿನಲ್ಲಿ ಅಲ್ಲ, ಮೂರು ತಿಂಗಳ ಕ್ಲಾಸಿಗೆ ಸಂಜೆ ಹೋಗಿ. ಬಿಎ ಆದವರೂ ಅದೇ ಕ್ಲಾಸಿಗೆ ಬರ್ತಿದ್ದರು. ಸಿಎ ಮಾಡುವ ಆಸೆ ಇದ್ದರೆ ಬಿಕಾಂ ಲೆಕ್ಕಕ್ಕೆ ಬರುತ್ತೆ. ಬಿಕಾಂನಲ್ಲಿ 55 ಪರ್ಸೆಂಟ್ ಇದ್ದರೆ ಫೌಂಡೇಶನ್ ಬರೆಯದೇ ನೇರ ಇಂಟರ್‌ಮೀಡಿಯೇಟ್‌ಗೆ ಹೋಗಬಹುದು. ಬೇರೆ ಡಿಗ್ರಿಯವರಿಗೆ 60 ಬೇಕು. ವ್ಯತ್ಯಾಸ ಅಷ್ಟೇ.

ನಾಲ್ಕನೇ ಬೆಂಚು:
ಬಿಬಿಎ ಯಾರೂ ಹೇಳಲೇ ಇಲ್ವಲ್ಲ?

ಎಪಿಎಂಸಿ ಗುಮಾಸ್ತ:
@ನಾಲ್ಕನೇ ಬೆಂಚು ಆಮೇಲೆ ಎಂಬಿಎ ಮಾಡುವುದು ಗ್ಯಾರಂಟಿ ಇದ್ದರೆ ಬಿಬಿಎ. ಬರೀ ಬಿಬಿಎ ಮಾಡಿ ನಮ್ಮ ಅಂಗಡಿಗೆ ಬಂದರೆ ಮೊದಲನೇ ದಿನ ಚೀಲ ಎಣಿಸೋಕೇ ಕಳಿಸ್ತಾರೆ.

ನಾಲ್ಕನೇ ಬೆಂಚು:
ಬಿಕಾಂನವರನ್ನೂ ಅಲ್ಲಿಗೇ ಕಳಿಸ್ತಾರೆ ಅಂತ ಕೇಳಿದ್ದೆ.

ಎಪಿಎಂಸಿ ಗುಮಾಸ್ತ:
ಹೌದು. ಎರಡನೇ ದಿನ ಒಳಗೆ ಕರೀತಾರೆ.

ಸಪ್ತಾಪುರ ರೂಮ್ ನಂಬರ್ 7:
ನಾನು ಧಾರವಾಡದಲ್ಲಿ ಐದು ವರ್ಷದಿಂದ ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದೇನೆ. ಬಿಎಸ್ಸಿ, ಸಿಬಿಝಡ್ (ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ). ನಮ್ಮ ರೀಡಿಂಗ್ ರೂಮಿನಲ್ಲಿ ನನ್ನ ಟೇಬಲ್ಲಿನ ಎಡಕ್ಕೆ ಬಿಇ ಮೆಕ್ಯಾನಿಕಲ್, ಬಲಕ್ಕೆ ಬಿಎ, ಎದುರಿಗೆ ಬಿಎಸ್ಸಿ ಅಗ್ರಿ. ನಾಲ್ಕೂ ಜನ ಓದುತ್ತಿರುವುದು ಒಂದೇ ಪುಸ್ತಕ. ಪಿಡಿಒ, ಎಫ್‌ಡಿಎ, ಪಿಎಸ್‌ಐ, ಕೆಎಎಸ್, ಎಲ್ಲಕ್ಕೂ ಯಾವುದಾದರೂ ಡಿಗ್ರಿ ಸಾಕು. ಎಸ್‌ಡಿಎಗೆ ಪಿಯುಸಿನೇ ಸಾಕು. ನಾನು ಮೂರು ವರ್ಷ ಕಪ್ಪೆ ಕೊಯ್ದು ಕಲಿತಿದ್ದನ್ನು ಯಾವ ಪ್ರಶ್ನೆಪತ್ರಿಕೆಯಲ್ಲೂ ಯಾರೂ ಕೇಳಲಿಲ್ಲ. ಬಲಕ್ಕಿರುವ ಬಿಎ ಹುಡುಗ ಸಂವಿಧಾನ, ಇತಿಹಾಸ, ಪಂಚವಾರ್ಷಿಕ ಯೋಜನೆ ಎಲ್ಲ ಡಿಗ್ರಿಯಲ್ಲೇ ಓದಿ ಬಂದಿದ್ದಾನೆ. ಅವನು ಆರಾಮಾಗಿ ಚಹಾ ಕುಡಿಯಲು ಹೋಗ್ತಾನೆ, ನಾನು ನೋಟ್ಸ್ ಮಾಡ್ತೀನಿ.

ಸರ್ಕಾರಿ ನೌಕರಿ ಗುರಿ ಇದ್ದರೆ ಬಿಎ ಮಾಡಿಸಿ, ಟೈಮ್ ಉಳಿಯುತ್ತೆ.

ಬ್ಯಾಡಗಿ ಖಾರ:
ಐದು ವರ್ಷ ಉಳಿಸಿದ ಟೈಮ್ ಎಲ್ಲಿ ಇಟ್ಟಿದ್ದೀರಿ ಅಣ್ಣಾ?

ಸಪ್ತಾಪುರ ರೂಮ್ ನಂಬರ್ 7:
ನೋಟಿಫಿಕೇಶನ್ ಬರಲಿ, ತೋರಿಸ್ತೀನಿ.

ಹನುಮನಮಟ್ಟಿ ಹುಡುಗ:
ಪಿಸಿಎಂಬಿ ಅಂದರೆ ಬಯಾಲಜಿ ಇದೆ. ಬಿಎಸ್ಸಿ ಅಗ್ರಿ ಯೋಚಿಸಿದ್ದೀರಾ? ರೈತರ ಮಕ್ಕಳ ಕೋಟಾದಲ್ಲಿ ಪ್ರಾಕ್ಟಿಕಲ್ ಪರೀಕ್ಷೆ ಬರೆದಿದ್ದಾಳಾ? ಧಾರವಾಡ ಕೃಷಿ ವಿವಿ ಅಡಿಯಲ್ಲಿ ನಮ್ಮ ಹನುಮನಮಟ್ಟಿಯಲ್ಲೂ ಕಾಲೇಜಿದೆ. ನಾಲ್ಕು ವರ್ಷದ ಕೋರ್ಸ್.

ಮುಳಗುಂದದ ಮಾವ:
@ಹನುಮನಮಟ್ಟಿ ಹುಡುಗ ಬರೆದಿಲ್ಲ ತಮ್ಮಾ. 'ಹೊಲ ಅಪ್ಪ ನೋಡ್ತಾನೆ, ನಾನು ರೇಟ್ ನೋಡ್ತೀನಿ' ಅಂದಳು. ಅರ್ಥ ಆಗಲಿಲ್ಲ, ನಕ್ಕು ಬಿಟ್ಟೆ.

ಶಾಂತಕ್ಕ ಟೀಚರ್:
ಅಕ್ಕನವರಿಗೆ ನನ್ನ ಕಡೆಯಿಂದ ಒಂದು ಮಾತು. ಟೀಚರ್ ಆಗಲು ಬಿಎಸ್ಸಿನೇ ಆಗಬೇಕು ಅಂತ ಇಲ್ಲ. ಬಿಎ ಮಾಡಿದವರೂ ಬಿಎಡ್ ಮಾಡ್ತಾರೆ, ಸಮಾಜ ವಿಜ್ಞಾನ ಕಲಿಸ್ತಾರೆ. ಆದರೆ ಡಿಗ್ರಿಯಲ್ಲಿ ತಗೊಂಡ ವಿಷಯಗಳು ಮುಂದೆ ಕಾಡುತ್ತವೆ. ಬಿಎಡ್‌ನಲ್ಲಿ ಎರಡು ಬೋಧನಾ ವಿಷಯ ಬೇಕು. ನಾನು ಬಿಎಯಲ್ಲಿ ಪತ್ರಿಕೋದ್ಯಮ, ಮನಃಶಾಸ್ತ್ರ, ಇಂಗ್ಲಿಷ್ ತಗೊಂಡೆ, ಗೆಳತಿ ತಗೊಂಡಳು ಅಂತ. ಪತ್ರಿಕೋದ್ಯಮವನ್ನು ಯಾವ ಹೈಸ್ಕೂಲಿನಲ್ಲಿ ಕಲಿಸ್ತಾರೆ ಹೇಳಿ? ಇಂಗ್ಲಿಷ್ ಒಂದು ಕೈ ಹಿಡಿಯಿತು. ಎರಡನೆಯದಕ್ಕೆ ಒದ್ದಾಡಿದ್ದು ನನಗೇ ಗೊತ್ತು.

ಇನ್ನೊಂದು. ಬಿಎಡ್ ಈಗ ಒಂದು ವರ್ಷ ಅಲ್ಲ, 2015ರಿಂದ ಎರಡು ವರ್ಷ. ಮೂರು ಪ್ಲಸ್ ಎರಡು ಐದು. ಮೇಲೆ ಟಿಇಟಿ, ಅಂದರೆ ಶಿಕ್ಷಕರ ಅರ್ಹತಾ ಪರೀಕ್ಷೆ. ಇದನ್ನು ಅಕ್ಕನವರಿಗೆ ಈಗಲೇ ಹೇಳಿಬಿಡಿ.

ಹಳೇ ಕೆಸಿಡಿ:
ಬಿಎ ಅಂದ ಕೂಡಲೇ ಮೂಗು ಮುರಿಯುವವರಿಗೆ ಒಂದು ಮಾತು. ಧಾರವಾಡದ ಕರ್ನಾಟಕ ಕಾಲೇಜು ಶುರುವಾಗಿದ್ದು 1917ರಲ್ಲಿ. ಆಗ ಕರ್ನಾಟಕ ವಿಶ್ವವಿದ್ಯಾಲಯವೂ ಇರಲಿಲ್ಲ, ಅದು ಬಂದಿದ್ದು 1949ರಲ್ಲಿ. ಗಿರೀಶ ಕಾರ್ನಾಡರು ನಮ್ಮ ಕಾಲೇಜಿನ ಬಿಎ. ಅಲ್ಲಿಂದ ರೋಡ್ಸ್ ಸ್ಕಾಲರ್‌ಶಿಪ್ ಮೇಲೆ ಆಕ್ಸ್‌ಫರ್ಡ್‌ಗೆ ಹೋದರು. ಬಿಎಗೆ ಬೆಲೆ ಇಲ್ಲ ಅನ್ನುವವರು ಇದಕ್ಕೆ ಉತ್ತರ ಕೊಡಿ.

ಲೆಕ್ಕದ ಮೇಡಂ:
@ಹಳೇ ಕೆಸಿಡಿ ಸರ್, ಬಿಎ ಹೌದು. ಆದರೆ ಅವರು ಓದಿದ ವಿಷಯ ಗಣಿತ ಮತ್ತು ಸಂಖ್ಯಾಶಾಸ್ತ್ರ. 1958ರ ಡಿಗ್ರಿ. ಆಕ್ಸ್‌ಫರ್ಡ್‌ನಲ್ಲಿ ತತ್ವಶಾಸ್ತ್ರ, ರಾಜ್ಯಶಾಸ್ತ್ರ, ಅರ್ಥಶಾಸ್ತ್ರ. ನಾಟಕ ಬರೆದವರು ಓದಿದ್ದು ಲೆಕ್ಕ. ನಮ್ಮ ವಾದಕ್ಕೆ ಅವರನ್ನು ಎಳೆದರೆ ಎರಡೂ ಪಾರ್ಟಿಗೆ ಸಿಗ್ತಾರೆ.

ಹಳೇ ಕೆಸಿಡಿ:
ಲೆಕ್ಕ ಓದಿದ್ದು ನನಗೂ ಗೊತ್ತಿತ್ತು. ಡಿಗ್ರಿ ಹೆಸರು ಬಿಎ ತಾನೇ?

ಲೆಕ್ಕದ ಮೇಡಂ:
ಅದೇ ಸರ್ ನಾನು ಹೇಳುವುದು. ಹೆಸರು ನೋಡಬೇಡಿ, ಒಳಗೆ ಏನು ಓದಿಸ್ತಾರೆ ನೋಡಿ.

ಬ್ಯಾಡಗಿ ಖಾರ:
ಇಬ್ಬರೂ ಒಂದೇ ಹೇಳ್ತಾ ಜಗಳ ಆಡ್ತಿದ್ದಾರೆ. ಶುದ್ಧ ಧಾರವಾಡ.

ಶಾಸನ ಹುಚ್ಚ:
ಗದಗದ ಹುಡುಗಿ ಅಂದರೆ ಇತಿಹಾಸ ತಗೊಳ್ಳಲಿ! ಲಕ್ಕುಂಡಿ ಪಕ್ಕದಲ್ಲೇ ಇದೆ. ಮುಳಗುಂದದಲ್ಲೇ ಹಳೆಯ ಬಸದಿಗಳಿವೆ, ಶಾಸನಗಳಿವೆ. ಧಾರವಾಡದಲ್ಲಿ ಕನ್ನಡ ಸಂಶೋಧನ ಸಂಸ್ಥೆ 1939ರಿಂದ ಇದೆ. ಹಳಗನ್ನಡ ಓದಲು ಬರುವ, ಜೊತೆಗೆ ಕಂಪ್ಯೂಟರ್ ಗೊತ್ತಿರುವ ಹುಡುಗರು ಎಷ್ಟು ಜನ ಇದ್ದಾರೆ ಈಗ? ಕೈಬೆರಳಲ್ಲಿ ಎಣಿಸಬಹುದು.

ಎಪಿಎಂಸಿ ಗುಮಾಸ್ತ:
ಕಡಿಮೆ ಜನ ಇದ್ದಾರೆ ಸರಿ. ಪಗಾರ ಕೊಡುವವರು ಎಷ್ಟು ಜನ ಇದ್ದಾರೆ ಅದನ್ನೂ ಹೇಳಿ.

ಶಾಸನ ಹುಚ್ಚ:
ಅವರೂ ಕೈಬೆರಳಲ್ಲೇ. ಒಪ್ಪಿಕೊಂಡೆ.

ಚಿಗರಿ ಪಾಸ್:
ನಾನು 2021ರ ಬ್ಯಾಚ್. ಎನ್‌ಇಪಿ (ರಾಷ್ಟ್ರೀಯ ಶಿಕ್ಷಣ ನೀತಿ) ಅಂತ ನಾಲ್ಕು ವರ್ಷ ಅಂದರು, ಮೂರಕ್ಕೆ ಬಿಟ್ಟರೂ ಡಿಗ್ರಿ ಅಂದರು, ನಾಲ್ಕು ಮುಗಿಸಿದರೆ ಆನರ್ಸ್ ಅಂದರು. ನಾನು ಮೂರಕ್ಕೆ ಹೊರಗೆ ಬಂದೆ. ನನ್ನ ತಂಗಿ 2024ರಲ್ಲಿ ಸೇರಿದಳು, ಅವಳಿಗೆ ಮತ್ತೆ ಮೂರು ವರ್ಷದ ಡಿಗ್ರಿ, ಮೂರು ಮೇಜರ್. ಒಂದೇ ಮನೆಯಲ್ಲಿ ಎರಡು ಪದ್ಧತಿ. ನನ್ನ ಹಳೇ ನೋಟ್ಸ್ ಅವಳಿಗೆ ಉಪಯೋಗ ಆಗಲಿಲ್ಲ, ರದ್ದಿಗೆ ಹಾಕಿದ್ದಕ್ಕೆ ಬಂದ ದುಡ್ಡಲ್ಲಿ ಇಬ್ಬರೂ ಗಿರ್ಮಿಟ್ ತಿಂದ್ವಿ.

ಹೇಳೋದು ಏನಂದರೆ ಯಾರೋ ಸೀನಿಯರ್ ಹೇಳಿದ ಸಿಲಬಸ್ ನಂಬಬೇಡಿ. ಅವರು ಓದಿದ್ದು ಬೇರೆ, ಈಗ ಇರೋದು ಬೇರೆ.

ಹಾವೇರಿ ಮಂದಿ:
ನಮ್ಮ ಕಡೆ ಇನ್ನೂ ಮಜಾ. ನಾವು ಕರ್ನಾಟಕ ವಿವಿಯಲ್ಲಿದ್ದೆವು, ಆಮೇಲೆ ಹಾವೇರಿಗೇ ಬೇರೆ ವಿವಿ ಆಯಿತು. 2025ರಲ್ಲಿ ಹೊಸ ವಿವಿಗಳಲ್ಲಿ ಒಂಬತ್ತನ್ನು ಮುಚ್ಚುವ ಮಾತು ಬಂತು. ನನ್ನ ತಮ್ಮ ಪೇಪರ್ ಓದಿ ಓದಿ 'ನನ್ನ ಸರ್ಟಿಫಿಕೇಟ್ ಮೇಲೆ ಯಾವ ಊರಿನ ಹೆಸರು ಬರುತ್ತೆ' ಅಂತ ಕೇಳ್ತಾನೆ.

ನಾಲ್ಕನೇ ಬೆಂಚು:
ಯಾವ ಊರಾದರೂ ಬರಲಿ, ಪಾಸ್ ಅಂತ ಬರಲಿ ಅನ್ನಿ.

ಹಾವೇರಿ ಮಂದಿ:
ಅದನ್ನೇ ಅಪ್ಪ ಹೇಳಿದ್ದು. ಸ್ವಲ್ಪ ಬೇರೆ ಶಬ್ದದಲ್ಲಿ.

ಲೆಕ್ಕದ ಮೇಡಂ:
@ಮುಳಗುಂದದ ಮಾವ ಎಲ್ಲರೂ ಉತ್ತರ ಕೊಟ್ಟರು. ಹುಡುಗಿ ಅರ್ಥಶಾಸ್ತ್ರ ಯಾಕೆ ಅಂತಾಳೆ ಅಂತ ಯಾರೂ ಕೇಳಲಿಲ್ಲ. ನೀವು ಕೇಳಿದ್ರಾ? ಪಿಯುಸಿಯಲ್ಲಿ ಅವಳು ಅದನ್ನು ಓದೇ ಇಲ್ಲ. ಯಾವುದೋ ವಿಡಿಯೋ ನೋಡಿ ಅಂತಿದ್ದಾಳಾ, ಅಥವಾ ಬೇರೆ ಏನಾದರೂ ಇದೆಯಾ? ರೇಟ್ ನೋಡ್ತೀನಿ ಅಂದಳಂತಲ್ಲ, ಅದೇನು?

ಮುಳಗುಂದದ ಮಾವ:
ನೀವು ಹೇಳಿದ ಮೇಲೆ ನಿನ್ನೆ ರಾತ್ರಿ ಕೇಳಿದೆ ಮೇಡಂ. ಮಾತಾಡಲಿಲ್ಲ, ಒಳಗೆ ಹೋಗಿ ಒಂದು ಲಾಂಗ್ ಬುಕ್ ತಂದು ಮುಂದೆ ಇಟ್ಟಳು. ರಟ್ಟಿನ ಮೇಲೆ ಎಣ್ಣೆ ಕಲೆ. ಹಿಂದಿನ ಎರಡು ವರ್ಷ ಅವರಪ್ಪ ಮಾರಿದ ಉಳ್ಳಾಗಡ್ಡಿ, ಹೆಸರು, ಕಡಲೆ, ಎಲ್ಲದರ ಪಟ್ಟಿ. ತಾರೀಖು, ಚೀಲ, ತೂಕ, ರೇಟು, ಹಮಾಲಿ, ಲಾರಿ ಬಾಡಿಗೆ, ಕೈಗೆ ಬಂದಿದ್ದು. ದಲಾಲಿ ಅಂಗಡಿಯ ಚೀಟಿಗಳನ್ನು ಅಪ್ಪನ ಅಂಗಿ ಜೇಬಿನಿಂದ ತೆಗೆದು ಪಿನ್ ಹೊಡೆದಿದ್ದಾಳೆ. ಕೆಲವು ಬಟ್ಟೆ ಜೊತೆ ಒಗೆದು ಬಿಳಿ ಆಗಿವೆ, ಅಲ್ಲಿ ಪೆನ್ಸಿಲ್‌ನಲ್ಲಿ 'ಅಪ್ಪ ಹೇಳಿದ್ದು' ಅಂತ ಬರೆದಿದ್ದಾಳೆ.

ಪಕ್ಕದ ಪುಟದಲ್ಲಿ ಅದೇ ದಿನದ ಹುಬ್ಬಳ್ಳಿ ರೇಟು, ಬೆಂಗಳೂರು ರೇಟು. ಒಂದು ಸಲ ಬೆಂಗಳೂರಿನಲ್ಲಿ ರೇಟು ಜಾಸ್ತಿ ಅಂತ ಮಾಮಾ ಲಾರಿ ಮಾಡಿಕೊಂಡು ಹೋಗಿದ್ದರು. ಬಾಡಿಗೆ, ಹಮಾಲಿ ಕಳೆದರೆ ಹುಬ್ಬಳ್ಳಿಯಲ್ಲೇ ಮಾರಿದ್ದಕ್ಕಿಂತ ಕಡಿಮೆ ಬಂದಿದೆ. ಅದನ್ನು ಕೆಂಪು ಪೆನ್ನಿನಲ್ಲಿ ಎರಡು ಗೆರೆ ಎಳೆದು ತೋರಿಸಿದ್ದಾಳೆ. 'ಎಲ್ಲರೂ ಒಂದೇ ವಾರ ಯಾಕೆ ಮಾರ್ತಾರೆ ಮಾವ? ಸಾಲ ಕೊಟ್ಟವರು ಅದೇ ವಾರ ಬರ್ತಾರಲ್ಲ, ಅದಕ್ಕಾ?' ಅಂತ ನನ್ನನ್ನೇ ಕೇಳಿದಳು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಎಪಿಎಂಸಿ ಗುಮಾಸ್ತ:
ಮೂರು ಸಲ ಓದಿದೆ. ಹೌದು, ಅದಕ್ಕೇ. ಹನ್ನೊಂದು ವರ್ಷದಲ್ಲಿ ನಾನೂ ಅದನ್ನು ಒಂದು ಕಡೆ ಬರೆದಿಟ್ಟಿಲ್ಲ. ಬಿಕಾಂ ಮಾಡಿಸಿ ಅಂದಿದ್ದನ್ನು ವಾಪಸ್ ತಗೊಂಡೆ.

ಲೆಕ್ಕದ ಮೇಡಂ:
ಹಾಗಾದರೆ ಅವಳಿಗೆ ಏನು ಬೇಕು ಅಂತ ಅವಳಿಗೇ ಗೊತ್ತಿದೆ. ಆದರೆ ಒಂದು ಮಾತು. ಅವಳು ಗಣಿತ ಬಿಟ್ಟು ಬರೀ ಬಿಎ ಅರ್ಥಶಾಸ್ತ್ರಕ್ಕೆ ಹೋದರೆ ನನಗೆ ಬೇಜಾರು. ಎಂಎ ಅರ್ಥಶಾಸ್ತ್ರಕ್ಕೆ ಒಳ್ಳೆಯ ಕಡೆ ಹೋದರೆ ಮೊದಲನೇ ವಾರದಿಂದಲೇ ಕ್ಯಾಲ್ಕುಲಸ್ ಶುರು ಮಾಡ್ತಾರೆ. ನಮ್ಮ ಬಿಎ ಹುಡುಗರು ಅಲ್ಲೇ ಬೀಳುವುದು. ಇವಳ ಹತ್ತಿರ ಪಿಯುಸಿ ಗಣಿತ ಇದೆ, ಅದನ್ನು ಯಾಕೆ ಬಿಸಾಕಬೇಕು?

ಅರ್ಥಶಾಸ್ತ್ರದ ಜೊತೆ ಗಣಿತ ಅಥವಾ ಸ್ಟ್ಯಾಟಿಸ್ಟಿಕ್ಸ್ ಸಿಗುವ ಕಾಂಬಿನೇಷನ್ ಇದೆಯಾ ಅಂತ ಮೊದಲು ಕೇಳಿ. ಎಲ್ಲಾ ಕಾಲೇಜಿನಲ್ಲೂ ಇರಲ್ಲ. ಇಲ್ಲದಿದ್ದರೆ ಬಿಎಸ್ಸಿಯಲ್ಲಿ ಗಣಿತ, ಸ್ಟ್ಯಾಟಿಸ್ಟಿಕ್ಸ್ ತಗೊಂಡು ಅರ್ಥಶಾಸ್ತ್ರ ಆಮೇಲೆ ಮಾಡಬಹುದು. ಯುಪಿಎಸ್‌ಸಿಯಲ್ಲಿ ಎರಡು ಪರೀಕ್ಷೆ ಇವೆ, ನಮ್ಮ ಕಡೆಯವರಿಗೆ ಹೆಸರೇ ಗೊತ್ತಿರಲ್ಲ. ಭಾರತೀಯ ಆರ್ಥಿಕ ಸೇವೆಗೆ ಅರ್ಥಶಾಸ್ತ್ರದ ಎಂಎ ಬೇಕು. ಭಾರತೀಯ ಸಾಂಖ್ಯಿಕ ಸೇವೆಗೆ ಡಿಗ್ರಿಯಲ್ಲಿ ಸ್ಟ್ಯಾಟಿಸ್ಟಿಕ್ಸ್ ಇದ್ದರೆ ಸಾಕು. ಐಎಎಸ್‌ಗೆ ಲಕ್ಷಗಟ್ಟಲೆ ಜನ ಮುಗಿಬೀಳ್ತಾರೆ, ಇದರ ಕಡೆ ಯಾರೂ ತಿರುಗಿ ನೋಡಲ್ಲ.

ಇನ್ನೂ ಒಂದು, ಸೈನ್ಸ್‌ನಿಂದ ಆರ್ಟ್ಸ್‌ಗೆ ಯಾವಾಗ ಬೇಕಾದರೂ ಬರಬಹುದು, ಆ ಕಡೆಯಿಂದ ಈ ಕಡೆ ಬರಲು ಆಗಲ್ಲ. ಬಾಗಿಲು ಹಾಕುವ ಮುಂಚೆ ನೋಡಿ ಹಾಕಿ.

ಸಪ್ತಾಪುರ ರೂಮ್ ನಂಬರ್ 7:
ಮೇಡಂ, ಸಾಂಖ್ಯಿಕ ಸೇವೆಗೆ ಸಿಬಿಝಡ್ ನಡೆಯುತ್ತಾ?

ಲೆಕ್ಕದ ಮೇಡಂ:
ಇಲ್ಲಪ್ಪ.

ಬ್ಯಾಡಗಿ ಖಾರ:
ಕಪ್ಪೆ ಇಲ್ಲೂ ಕೈಕೊಟ್ಟಿತು.

ಕರಿಕೋಟು:
ತಡವಾಗಿ ಬಂದೆ. ಐದು ವರ್ಷದ ಬಿಎ ಎಲ್‌ಎಲ್‌ಬಿ ಕೂಡ ಇದೆ. ಕಾನೂನು ವಿವಿ ಹುಬ್ಬಳ್ಳಿ ನವನಗರದಲ್ಲೇ ಇದೆ. ಬೇಡ ಅಂದರೆ ಯಾವ ಡಿಗ್ರಿ ಆದ ಮೇಲೂ ಮೂರು ವರ್ಷದ ಎಲ್‌ಎಲ್‌ಬಿ ಮಾಡಬಹುದು. ಆದರೆ ಆ ಲಾಂಗ್ ಬುಕ್ ಕಥೆ ಓದಿದ ಮೇಲೆ ಕೋರ್ಟಿಗೆ ಕರೆಯಲು ಮನಸ್ಸಾಗ್ತಿಲ್ಲ. ಎಪಿಎಂಸಿ ಕಾಯ್ದೆ ಓದಲಿ ಅಷ್ಟು ಸಾಕು.

ಶಾಂತಕ್ಕ ಟೀಚರ್:
ದುಡ್ಡಿನ ವಿಷಯ ಯಾರೂ ಹೇಳಿಲ್ಲ. ಸರ್ಕಾರಿ ಪ್ರಥಮ ದರ್ಜೆ ಕಾಲೇಜು ಆದರೆ ಫೀ ಹೊರೆ ಆಗಲ್ಲ. ಅಪ್ಪನ ಹೆಸರಲ್ಲಿ ಹೊಲ ಇದ್ದರೆ ರೈತ ವಿದ್ಯಾನಿಧಿ ಸ್ಕಾಲರ್‌ಶಿಪ್ ವಿಚಾರಿಸಿ. 2021ರಲ್ಲಿ ಶುರುವಾದಾಗ ಬಿಎ, ಬಿಎಸ್ಸಿ, ಬಿಕಾಂ ಹೆಣ್ಣುಮಕ್ಕಳಿಗೆ ವರ್ಷಕ್ಕೆ 5500 ಇತ್ತು, ಹುಡುಗರಿಗೆ 5000. ಈಗಿನದು ಕಾಲೇಜಿನಲ್ಲಿ ಕೇಳಿ. ಅಪ್ಪನ ಎಫ್‌ಐಡಿ (ರೈತರ ಗುರುತಿನ) ನಂಬರ್ ಬೇಕಾಗುತ್ತೆ, ಆಧಾರ್‌ನಲ್ಲೂ ಪಹಣಿಯಲ್ಲೂ ಹೆಸರು ಒಂದೇ ಥರ ಇದೆಯಾ ನೋಡಿಕೊಳ್ಳಿ. ಒಂದು ಕಡೆ ಬಸಪ್ಪ, ಇನ್ನೊಂದು ಕಡೆ ಬಸವಣ್ಣೆಪ್ಪ ಅಂತಿದ್ದರೆ ಇಡೀ ಆಷಾಢ ಓಡಾಡಬೇಕಾಗುತ್ತೆ.

ಬಸ್ಸಿನ ಚಿಂತೆ ಇಲ್ಲ. ಶಕ್ತಿ ಇದೆಯಲ್ಲ, ಆಧಾರ್ ತೋರಿಸಿದರೆ ಆಯ್ತು.

ಚಿಗರಿ ಪಾಸ್:
ಧಾರವಾಡಕ್ಕೆ ಬಂದರೆ ಹುಬ್ಬಳ್ಳಿಯಿಂದ ಚಿಗರಿ ಬಸ್ ಹಿಡಿಯಲಿ. ಎಸಿ, ತನ್ನದೇ ದಾರಿ, ಸಿಗ್ನಲ್ ಕಾಟ ಕಡಿಮೆ.

ಹಳೇ ಕೆಸಿಡಿ:
ಬೇಂದ್ರೆ ಬಸ್ಸಿನ ಮಜಾ ಚಿಗರಿಯಲ್ಲಿ ಇಲ್ಲ.

ನಾಲ್ಕನೇ ಬೆಂಚು:
ಬೇಂದ್ರೆ ಬಸ್ಸಿನಲ್ಲಿ ಬಾಗಿಲಿಗೆ ಜೋತು ಬಿದ್ದು ಹೋಗುವುದಕ್ಕೆ ಮಜಾ ಅಂತೀರಾ ಸರ್?

ಹಳೇ ಕೆಸಿಡಿ:
ಜೋತು ಬಿದ್ದೇ ಡಿಗ್ರಿ ಮುಗಿಸಿದ್ದು.

ಬ್ಯಾಡಗಿ ಖಾರ:
ಇದು ಬಸ್ಸಿನ ಪೋಸ್ಟ್ ಆಯ್ತು. ಮಾವ ಎಲ್ಲಿ ಹೋದರು? ಚಹಾ ಸಿಕ್ತಾ?

ಮುಳಗುಂದದ ಮಾವ:
ಬಂದೆ. ನಾಲ್ಕು ದಿನ ಆಯ್ತು, ಹೇಳುವುದು ಬಹಳ ಇದೆ.

ಸೋಮವಾರ ಹುಡುಗಿ, ಅಕ್ಕ, ನಾನು ಮೂವರೂ ಗದಗ, ಆಮೇಲೆ ಧಾರವಾಡ ಎರಡೂ ಕಡೆ ಹೋಗಿ ಬಂದೆವು. ಒಂದು ಕಾಲೇಜಿನಲ್ಲಿ ಕೌಂಟರಿನವರು ಮಾರ್ಕ್ಸ್ ಕಾರ್ಡ್ ನೋಡಿ 'ಸೈನ್ಸ್ ಆಗಿ ಬಿಎ ಯಾಕವ್ವಾ' ಅಂದರು. ಅಕ್ಕ ನನ್ನ ಕಡೆ ನೋಡಿದಳು, ಗೆದ್ದ ಹಾಗೆ. ಇನ್ನೊಂದು ಕಡೆ ಒಬ್ಬ ಮೇಷ್ಟ್ರು ಹತ್ತು ನಿಮಿಷ ಕೂರಿಸಿ ಮಾತಾಡಿದರು. ಹುಡುಗಿ ಬ್ಯಾಗಿನಿಂದ ಆ ಲಾಂಗ್ ಬುಕ್ ತೆಗೆದಳು. ತಂದಿದ್ದು ನಮಗೆ ಗೊತ್ತೇ ಇರಲಿಲ್ಲ. ಅವರು ಕನ್ನಡಕ ಹಾಕಿಕೊಂಡು ಒಂದೊಂದೇ ಪುಟ ನೋಡಿದರು. ಕೆಂಪು ಗೆರೆ ಎಳೆದ ಪುಟದಲ್ಲಿ ನಿಂತು 'ಕೊಳೆತಿದ್ದು ಎಷ್ಟು ಚೀಲ? ಅದನ್ನು ಕಳೆದಿಲ್ಲವಲ್ಲ' ಅಂದರು. ಹುಡುಗಿ ಮುಖ ಕೆಂಪಗಾಯ್ತು. ಅಲ್ಲೇ ಪೆನ್ ತೆಗೆದು ಒಂದು ಕಾಲಂ ಹೊಸದಾಗಿ ಎಳೆದಳು. ಅಕ್ಕ ಅವಳನ್ನೇ ನೋಡ್ತಾ ಕೂತಿದ್ದಳು.

ಗಣಿತ, ಸ್ಟ್ಯಾಟಿಸ್ಟಿಕ್ಸ್ ಜೊತೆ ಬಿಎಸ್ಸಿಗೆ ಅರ್ಜಿ ಹಾಕಿದ್ದೇವೆ, ಧಾರವಾಡ. ಅರ್ಥಶಾಸ್ತ್ರ ಅದರ ಜೊತೆ ಕೂಡಿಸಲು ಅಲ್ಲಿ ಆಗಲ್ಲ ಅಂದರು, ಹಾಗಾಗಿ ಮೇಡಂ ಹೇಳಿದ ಎರಡನೇ ದಾರಿ. ಗದಗದಲ್ಲಿ ಬಿಎಗೂ ಒಂದು ಅರ್ಜಿ ಇದೆ, ಹುಡುಗಿ ಅದನ್ನು ವಾಪಸ್ ತಗೊಳ್ಳಲ್ಲ ಅಂತಾಳೆ. ಬಿಎಸ್ಸಿ ಅಂತ ಅಕ್ಕ ಖುಷಿ. ಮಾಮಾ ಮಾತ್ರ ಇನ್ನೂ ಮುಖ ಗಂಟು ಹಾಕಿಕೊಂಡಿದ್ದಾರೆ. ಬಿಕಾಂ ಆಗಲಿಲ್ಲ ಅಂತ ಅಲ್ಲ, ಆ ಬೆಂಗಳೂರು ಲಾರಿಯ ಲೆಕ್ಕ ಧಾರವಾಡದ ಮೇಷ್ಟ್ರಿಗೆಲ್ಲ ಗೊತ್ತಾಯ್ತು ಅಂತ.

ಚಹಾ ಸಿಕ್ತು. ಸಕ್ಕರೆ ಕಡಿಮೆ ಇತ್ತು.

ಲೆಕ್ಕದ ಮೇಡಂ:
ಹಾಸ್ಟೆಲ್ ಅರ್ಜಿ ಬೇರೆ ಇರುತ್ತೆ, ಅಡ್ಮಿಷನ್ ಆದರೆ ಹಾಸ್ಟೆಲ್ ಆದ ಹಾಗೆ ಅಲ್ಲ. ಈ ವಾರವೇ ಹಾಕಿ. ಮೊದಲನೇ ಸೆಮ್‌ನಲ್ಲಿ ಗಣಿತ ಕಷ್ಟ ಆಗುತ್ತೆ, ಆಗ ಅಳ್ತಾಳೆ, ಊರಿಗೆ ಬರ್ತೀನಿ ಅಂತಾಳೆ. ಕರ್ಕೊಂಡು ಬರಬೇಡಿ. ಒಂದು ಭಾನುವಾರ ನೀವೇ ಹೋಗಿ ಬನ್ನಿ.

ಎಪಿಎಂಸಿ ಗುಮಾಸ್ತ:
ಹುಬ್ಬಳ್ಳಿ ರೇಟು ಬೇಕಾದರೆ ಇಲ್ಲೇ ಕೇಳಲಿ, ದಿನಾ ಸಂಜೆ ಹಾಕ್ತೀನಿ. ಕೊಳೆತ ಚೀಲದ್ದೂ ಸೇರಿಸಿ.

ಚಿಗರಿ ಪಾಸ್:
ಸೀಟು ಆದರೆ ಫೇಡೆ ಕೊಡಿಸಬೇಕು ಮಾವ. ಲೈನ್ ಬಜಾರಿಂದೇ.

ಸಪ್ತಾಪುರ ರೂಮ್ ನಂಬರ್ 7:
ರೂಮ್ ನಂಬರ್ 7, ಮೊದಲನೇ ಮಹಡಿ. ನಾವು ನಾಲ್ಕು ಜನ ಇದ್ದೀವಿ.

ಹೊಸಬ 22:
ನಮಸ್ಕಾರ, ಮೇಲಿನದು ಎಲ್ಲಾ ಓದಿಲ್ಲ. ನನ್ನ ತಮ್ಮ ಪಿಯುಸಿ ಆರ್ಟ್ಸ್, ಬಿಎಸ್ಸಿ ಮಾಡಬಹುದಾ?

ಬ್ಯಾಡಗಿ ಖಾರ:
ಓದಿ ಅಣ್ಣಾ.